ಒಂದು ನಿಮಿಷದ ಮಾವ

ನಮ್ಮ ಮಾವ ಇಲ್ಲಿಯವರೆಗೆ ನೂರಾ ಹದಿನಾಲ್ಕು ಸಿನಿಮಾ ತೆಗೆದಿದ್ದಾರೆ. ಹುಬ್ಬೇರಿಸಬೇಡಿ, ಸುಳ್ಳು ಹೇಳುತ್ತಿಲ್ಲ! ಕತೆ, ಕ್ಯಾಮೆರಾ, ನಿರ್ದೇಶನ ಎಲ್ಲವೂ ಅವರದೇ. ಪ್ರೇಕ್ಷಕರು ಮಾತ್ರ ತಾವಾಗಿ ಬಂದವರಲ್ಲ, ದಾರಿಯಲ್ಲಿ ಹೋಗುತ್ತಿದ್ದವರನ್ನು ಹಿಡಿದು ಕೂರಿಸಿದ್ದು. ಅಷ್ಟನ್ನೂ ಒಂದೇ ಸಲಕ್ಕೆ ಕೂತು ನೋಡಿದರೂ ಎರಡು ಗಂಟೆ ತುಂಬುವುದಿಲ್ಲ, ಯಾಕೆಂದರೆ ಒಂದೊಂದು ಸಿನಿಮಾ ಒಂದೊಂದೇ ನಿಮಿಷ. ಅದರಲ್ಲಿ ಎಪ್ಪತ್ತು ಬರೀ ತೆಂಗಿನ ಮರ. ಉಳಿದವುಗಳಲ್ಲಿ ಹೆಚ್ಚಿನವು ತೆಂಗಿನ ಮರದ ನೆರಳು.

ಮಾವ ಅಂದರೆ ನಮ್ಮ ತಂದೆಯ ಅಕ್ಕನ ಗಂಡ. ಅವರ ಊರು ತುರುವೇಕೆರೆಗೂ ಮಾಯಸಂದ್ರಕ್ಕೂ ನಡುವೆ, ಡ್ರೈವರಿಗೆ ಮನಸ್ಸು ಬಂದರೆ ಬಸ್ಸು ನಿಲ್ಲುವಂಥ ಜಾಗ. ನಾನು ತುರುವೇಕೆರೆಯಲ್ಲಿ ಮೇಷ್ಟ್ರು. ಭಾನುವಾರ ಬಂತೆಂದರೆ ಅತ್ತೆಯ ಕೈಯಡುಗೆಗೆ ಆಸೆಪಟ್ಟು ಹೋಗುತ್ತೇನೆ, ಹೋಗಿ ಮಾವನ ಕೈಗೆ ಸಿಕ್ಕಿಬೀಳುತ್ತೇನೆ. ನೀವೇ ಹೇಳಿ, ಅವರೆಕಾಳು ಸಾರು ಮುದ್ದೆ ತಿಂದು ಕಣ್ಣು ಎಳೆಯುತ್ತಿರುವ ಹೊತ್ತಿನಲ್ಲಿ ‘ಏಳ್ಲಾ, ಬೆಳಕು ಹೋಯ್ತದೆ’ ಅಂತ ಎಬ್ಬಿಸಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಮಾವ ಮೊದಲಿನಿಂದಲೂ ಅರ್ಧ ನಿದ್ದೆಯಲ್ಲಿ, ಅರ್ಧ ಎಚ್ಚರದಲ್ಲಿ ಬದುಕಿದವರು. ಪಂಪ್‌ಸೆಟ್ ಹಾಕಿ ಬರುತ್ತೇನೆಂದು ತೋಟಕ್ಕೆ ಹೋಗಿ, ಎರಡು ಗಂಟೆ ಬಿಟ್ಟು ಪಂಪ್‌ಸೆಟ್ ಹಾಕದೇ ವಾಪಸು ಬರುತ್ತಾರೆ. ಕೇಳಿದರೆ, ಗರಿಗಳ ಸಂದಿಯಿಂದ ಬಿಸಿಲು ನೆಲದ ಮೇಲೆ ಬಿದ್ದು ಓಡಾಡುತ್ತಿತ್ತು, ನೋಡುತ್ತಾ ನಿಂತೆ ಅನ್ನುತ್ತಾರೆ. ಇದನ್ನು ಹೇಳುವಾಗ ಮುಖದಲ್ಲಿ ನಗುವಿನ ಸುಳಿವೂ ಇರುವುದಿಲ್ಲ. ಮಾವ ನಗುವವರ ಪೈಕಿಯೇ ಅಲ್ಲ. ಮದುವೆಮನೆಯಲ್ಲಿ ಊರೆಲ್ಲ ಬಿದ್ದು ಬಿದ್ದು ನಗುತ್ತಿದ್ದರೂ ಇವರು ಚಪ್ಪರದ ತೂತಿನಿಂದ ಮೋಡ ನೋಡುತ್ತಿರುತ್ತಾರೆ.

ಇಂಥವರ ಕೈಗೆ ಮಗಳು ತುಮಕೂರಿನಿಂದ ತನ್ನ ಹಳೆಯ ಫೋನು ತಂದುಕೊಟ್ಟಳು! ಅದರ ತುಂಬ ಮೊಮ್ಮಕ್ಕಳ ಫೋಟೊ. ಅಳಿಸಲು ಮಾವನಿಗೆ ಮನಸ್ಸಿಲ್ಲ. ಹಾಗಾಗಿ ವೀಡಿಯೊ ಒಂದು ನಿಮಿಷ ಆಗುವಷ್ಟರಲ್ಲಿ ಫೋನು ‘ಜಾಗವಿಲ್ಲ’ ಎಂದು ಕೈಯೆತ್ತಿಬಿಡುತ್ತದೆ. ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಮಾವನಿಗೆ ಅದೇ ಸಿದ್ಧಾಂತವಾಯಿತು. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರು ಏನನ್ನು ನೆಟ್ಟಗೆ ನೋಡಿದ್ದಾರೆ ಎಂದು ನನ್ನನ್ನೇ ಕೇಳಿದರು. ತೆಗೆದ ಸಿನಿಮಾವನ್ನು ನನ್ನ ಫೋನಿಗೆ ಕಳಿಸಿ ತಮ್ಮದರಿಂದ ಅಳಿಸುತ್ತಾರೆ, ಅಂದರೆ ಅವರ ಉಗ್ರಾಣ ನಾನೇ. ಈಗ ನಾನು ನನ್ನ ಫೋನಿನಲ್ಲಿ ಹಾಜರಿ ಪಟ್ಟಿ ಹುಡುಕಿದರೆ ತೆಂಗಿನ ಗರಿ ಸಿಗುತ್ತದೆ.

ಇಷ್ಟೆಲ್ಲ ಹುಚ್ಚು ಯಾಕೆ ಅಂದಿರಾ? ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಲ್ಲ. ಮಾವನಿಗೆ ಮೂರು ವರ್ಷವಾಗಿದ್ದಾಗ ಅವರ ತಾಯಿ ತೀರಿಕೊಂಡರು. ಒಂದೇ ಒಂದು ಫೋಟೊ ಇಲ್ಲ. ಆ ಕಾಲಕ್ಕೆ ಫೋಟೊ ತೆಗೆಸಬೇಕಾದರೆ ತಿಪಟೂರಿಗೆ ಹೋಗಬೇಕಿತ್ತು, ದನ ಕರು ಬಿಟ್ಟು ಯಾರು ಹೋಗುತ್ತಾರೆ? ಹಿರಿಯರಿಗೆ ಎಡೆ ಇಡುವ ದಿನ ಬೇರೆಯವರಿಗೆಲ್ಲ ಫೋಟೊ ಇದೆ, ಆ ತಾಯಿಗೆ ಮಾತ್ರ ಒಂದು ಸೀರೆ ಮಡಿಚಿಟ್ಟು ಅದಕ್ಕೇ ಕುಂಕುಮ ಹಚ್ಚುತ್ತಾರೆ. ಒಮ್ಮೆ ಎಡೆಯ ಮುಂದೆ ಕೂತಿದ್ದಾಗ ಮಾವ ನನ್ನ ಕಡೆ ತಿರುಗಿ, ‘ಅರವತ್ತು ವರ್ಸದಿಂದ ಸೀರೆಗೆ ಕೈ ಮುಗೀತಿವ್ನಿ ಕಣ್ಲಾ. ನಮ್ಮವ್ವನ ಮುಖ ಹೆಂಗಿತ್ತು ಅಂತ ಒಂದ್ಸಲ ಗೊತ್ತಾದ್ರೆ ಸಾಕು’ ಅಂದರು.

ತಾಯಿಯಿಲ್ಲದ ಮಗುವನ್ನು ಸಾಕಿದ್ದು ಅವರ ಸೋದರಮಾವ, ಅಂದರೆ ನಮ್ಮ ತಾತ. ಬೆಳೆದ ಮೇಲೆ ತಮ್ಮ ಮಗಳನ್ನೇ ಕೊಟ್ಟು ಮದುವೆ ಮಾಡಿದ್ದೂ ಅವರೇ, ನಮ್ಮ ಕಡೆ ಅದು ಮಾಮೂಲು. ಮಾವ ಮೊದಲು ಹಿಂದೆಮುಂದೆ ನೋಡಿದರಂತೆ. ತಾತ ಕರೆದು, ಇವಳು ನಗುವುದು ಸರಿಯಾಗಿ ನೋಡು, ಥೇಟ್ ನಿಮ್ಮವ್ವನೇ ಅಂದರಂತೆ. ಅಷ್ಟೇ, ಮಾವ ತಲೆಯಾಡಿಸಿಬಿಟ್ಟರು! ‘ಮದುವೆ ಕುದುರಲಿ ಅಂತ ನಮ್ಮಪ್ಪ ಬಿಟ್ಟ ಬುರುಡೆ ಅದು’ ಅನ್ನುವುದು ಅತ್ತೆಯ ವಾದ. ತಾತ ಈಗಿಲ್ಲ. ನಿಜವೋ ಬುರುಡೆಯೋ ಹೇಳಬಲ್ಲ ಜೀವ ಉಳಿದಿರುವುದು ಒಂದೇ, ಹುಳಿಯಾರಿನಲ್ಲಿರುವ ಮಾವನ ಚಿಕ್ಕವ್ವ. ಸತ್ತ ತಾಯಿಗೂ ತಾತನಿಗೂ ಸ್ವಂತ ತಂಗಿ, ನನಗೆ ಅಜ್ಜಿಯಾಗಬೇಕು. ನೋಡಿದರೆ ಗುರುತು ಹಿಡಿಯುತ್ತೇನೆ, ಹೇಳು ಅಂದರೆ ಹೇಗೆ ಹೇಳಲಿ ಅನ್ನುತ್ತಿದ್ದರು ಅಜ್ಜಿ. ಆದರೆ ಅವರ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು, ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ಕಣ್ಣು ಪೂರ್ತಿ ಆರುವ ಮೊದಲು ಅತ್ತೆಯ ನಗುವನ್ನು ಅಜ್ಜಿಗೆ ತೋರಿಸಿ ‘ಹಿಂಗಿದ್ಲಾ?’ ಅಂತ ಕೇಳಬೇಕು. ಮಾವನ ಸಿನಿಮಾ ಜೀವನದ ಗುರಿ ಇಷ್ಟೇ.

ಹಾಗಾದರೆ ಅತ್ತೆಯನ್ನೇ ಅಜ್ಜಿಯ ಮುಂದೆ ನಿಲ್ಲಿಸಿ ನಗಿಸಬಹುದಿತ್ತಲ್ಲ? ಅದೂ ಆಯಿತು. ಅತ್ತೆ ಸೆರಗು ಅಡ್ಡ ಹಿಡಿದು ಕಂಬದ ಹಾಗೆ ನಿಂತರು. ವಿಷಯ ಏನೆಂದರೆ, ಅತ್ತೆಗೆ ಮುಂದಿನ ಎರಡು ಹಲ್ಲು ಚೂರು ಮುಂದೆ. ಮದುವೆಯ ದಿನ ಫೋಟೊದವನು ‘ಬಾಯಿ ಮುಚ್ಕಳಮ್ಮ’ ಅಂದನಂತೆ. ಅವತ್ತಿನಿಂದ ಹಿರಿಯರ ಮುಂದೆ, ಹೊರಗಿನವರ ಮುಂದೆ, ಕ್ಯಾಮೆರಾ ಮುಂದೆ ಅತ್ತೆ ಸೆರಗಿಲ್ಲದೆ ನಕ್ಕದ್ದಿಲ್ಲ. ಮನೆಯ ಆಲ್ಬಮ್ಮಿನ ಎಲ್ಲ ಫೋಟೊಗಳಲ್ಲೂ ಹಸಿ ನೆಲ್ಲಿಕಾಯಿ ಕಚ್ಚಿದವರ ಹಾಗೆ ತುಟಿ ಬಿಗಿದುಕೊಂಡಿದ್ದಾರೆ. ಅಡುಗೆಮನೆಯಲ್ಲಿ ನಮ್ಮೆದುರು ನಕ್ಕರೆ ಮಾತ್ರ ಅಟ್ಟದ ಇಲಿ ಎದ್ದು ಓಡಬೇಕು, ಅಂಥ ನಗು!

ಮಾವ ಕೈ ಕುದುರಲಿ ಅಂತ ಮೊದಲು ಮರಗಳ ಮೇಲೆ ಅಭ್ಯಾಸ ಮಾಡಿದರು. ಒಣಗಿದ ಗರಿ ಮರದಿಂದ ಕಳಚಿ ಬೀಳುವುದನ್ನು ಹಿಡಿಯಬೇಕೆಂದು ಪಟ್ಟು ಹಿಡಿದು ಕೂತರು. ನಮ್ಮ ತೋಟಗಳಲ್ಲಿ ಗರಿ ಬೀಳುವುದೇನು ಅಪರೂಪವೇ? ಆದರೆ ಕಾಯುತ್ತಾ ಕೂತವರಿಗೆ ಬೀಳುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕತ್ತು ಮೇಲೆ ಮಾಡಿ, ನಿಮಿಷಕ್ಕೊಮ್ಮೆ ಒತ್ತುವುದು, ನಿಲ್ಲಿಸುವುದು, ಅಳಿಸುವುದು. ಹೀಗೆ ನಾಲ್ಕು ದಿನ. ಐದನೆಯ ದಿನ ಕಾಫಿ ಕುಡಿಯಲು ಒಳಗೆ ಹೋದರು ನೋಡಿ, ದೊಪ್ಪನೆ ಬಿತ್ತು. ಎಲ್ಲಿಗೆ? ನೇರ ಕುರ್ಚಿಯ ಮೇಲೆ. ಕುರ್ಚಿಯಲ್ಲಿ ಗರಿ ಕಾಲು ಚಾಚಿಕೊಂಡು ಒರಗಿತ್ತು. ಮಾವ ಅದನ್ನೇ ಒಂದು ನಿಮಿಷ ಹಿಡಿದು ‘ಬಂದವರು’ ಎಂದು ಹೆಸರಿಟ್ಟರು. ಕಾಯಿ ಸುಲಿಯಲು ಬಂದವರನ್ನು ಜಗಲಿಯಲ್ಲಿ ಕೂರಿಸಿ ತೋರಿಸಿದ್ದಾಯಿತು. ನೋಡಿ ಮುಗಿಸಿದವನೊಬ್ಬ, ಕುರ್ಚಿ ಮುರಿಯಲಿಲ್ಲ ತಾನೇ ಎಂದು ಕೇಳಿದ. ಹೇಳಬಾರದು, ಆದರೂ ಹೇಳುತ್ತೇನೆ: ಸಿನಿಮಾ ಚೆನ್ನಾಗಿತ್ತು. ಗಾಳಿಗೆ ಗರಿಯ ತುದಿ ಮೆಲ್ಲಗೆ ಆಡುತ್ತಿತ್ತು. ಯಾರೋ ಬಹಳ ದೂರದಿಂದ ನಡೆದು ಬಂದು, ಮಾತಾಡಲು ಆಯಾಸವಾಗಿ ಸುಮ್ಮನೆ ಕೂತ ಹಾಗಿತ್ತು. ನಾನು ಅದನ್ನು ಮೂರು ಸಲ ನೋಡಿದೆ. ಮಾವನಿಗೆ ಹೇಳಲಿಲ್ಲ.

ಆಮೇಲೆ ಅತ್ತೆಯ ಸರದಿ. ಮಾವ ನನ್ನನ್ನು ಅಡುಗೆಮನೆಗೆ ಕಳಿಸಿ, ಶಾಲೆಯ ಹುಡುಗರು ಪರೀಕ್ಷೆಯಲ್ಲಿ ಬರೆದ ಉತ್ತರಗಳನ್ನೆಲ್ಲ ಹೇಳು ಅಂದರು. ತಾವು ಬಾಗಿಲ ಹಿಂದೆ. ಅತ್ತೆ ರೊಟ್ಟಿ ತಟ್ಟುವುದನ್ನು ಬಿಟ್ಟು ನಗಲು ಶುರು ಮಾಡುತ್ತಾರೆ, ಬಾಗಿಲ ಅಂಚಿನಿಂದ ಫೋನು ಮೆಲ್ಲಗೆ ಇಣುಕುತ್ತದೆ, ಫಕ್ಕನೆ ನಗು ಬಂದ್! ಏನ್ರೀ ಅದು ಕೈಯಲ್ಲಿ ಅಂದರೆ, ಟೈಮ್ ನೋಡುತ್ತಿದ್ದೆ ಅನ್ನುತ್ತಾರೆ ಮಾವ, ತಲೆಯ ಮೇಲೆಯೇ ಗಡಿಯಾರವಿದ್ದರೂ. ಹೀಗೆ ಹುಟ್ಟಿದ ಹನ್ನೆರಡು ಸಿನಿಮಾಗಳಲ್ಲಿ ಇರುವುದು ಸೆರಗು ಮಾತ್ರ. ಹಸಿರು ಸೆರಗು, ಹೂವಿನ ಸೆರಗು, ಹಿಟ್ಟು ಮೆತ್ತಿದ ಸೆರಗು. ಸೀರೆ ಅಂಗಡಿಯವರು ಕೊಂಡುಕೊಳ್ಳುವಂತಿವೆ.

ಅಷ್ಟಕ್ಕೆ ಬಿಟ್ಟರೆ? ಕೊಬ್ಬರಿ ಒಡೆಯುವ ದಿನ ಬಂತು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಮಲಗಿರುತ್ತವೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುವ ತನಕ. ಇಳಿಸಿ ಸುಲಿದ ಮೇಲೆ ಹೆಂಗಸರು ಅಂಗಳದಲ್ಲಿ ಕೂತು ಮಚ್ಚಿನಿಂದ ಚಿಪ್ಪು ಒಡೆದು ಉಂಡೆ ತೆಗೆಯುತ್ತಾರೆ. ಅತ್ತೆಯೂ ಅವರ ಜೊತೆ ಕೂರುತ್ತಾರೆ. ಅಲ್ಲಿ ಏಳುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ, ನಗು ಮಾತ್ರ ಬೀದಿಗೆ ಕೇಳುತ್ತದೆ. ಮಾವ ಕೊಬ್ಬರಿ ರಾಶಿಯೊಳಗೆ ಫೋನನ್ನು ಹುದುಗಿಸಿ, ಕ್ಯಾಮೆರಾದ ಕಣ್ಣಷ್ಟೇ ಹೊರಗಿಟ್ಟು, ಒತ್ತಿ, ಏನೂ ಗೊತ್ತಿಲ್ಲದವರಂತೆ ತೋಟಕ್ಕೆ ಹೊರಟುಹೋದರು. ತೋಟದಲ್ಲಿ ಬಿಸಿಲು ಓಡಾಡುತ್ತಿತ್ತು. ಮರೆತೇಬಿಟ್ಟರು!

ಬರುವಷ್ಟರಲ್ಲಿ ರಾಶಿಯಿಲ್ಲ. ಬುಟ್ಟಿಯಲ್ಲಿ ಬಾಚಿ, ಚೀಲಕ್ಕೆ ಸುರಿದು, ಬಾಯಿ ಹೊಲಿದು, ಚೀಲಗಳು ತಿಪಟೂರಿನ ಮಂಡಿಗೆ ಹೊರಟಾಗಿತ್ತು. ನಾವಿಬ್ಬರೂ ಬೈಕಿನಲ್ಲಿ ಹಿಂದೆಯೇ ಓಡಿದೆವು. ಮಂಡಿಯಲ್ಲಿ ನಾನು ಮಾವನ ನಂಬರಿಗೆ ಫೋನು ಮಾಡಿದೆ. ಮೊಮ್ಮಗಳು ಅದಕ್ಕೆ ಕೋಳಿ ಕೂಗುವ ಸದ್ದು ಹಾಕಿಕೊಟ್ಟಿದ್ದಳು. ಚೀಲವೊಂದು ‘ಕೊಕ್ಕೊಕ್ಕೋ’ ಅಂತ ಕೂಗತೊಡಗಿತು. ಕೊಬ್ಬರಿಯನ್ನು ಬಡಿದು, ಅಲ್ಲಾಡಿಸಿ, ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಹೇಳುವ ವ್ಯಾಪಾರಿಗಳು ಅವರು, ಅವರ ಅನುಭವದಲ್ಲೂ ಕೂಗುವ ಕೊಬ್ಬರಿ ಬಂದಿರಲಿಲ್ಲ. ಒಬ್ಬರು ಕನ್ನಡಕ ಸರಿಮಾಡಿಕೊಂಡು ಇದು ಯಾವ ತಳಿ ಎಂದು ಮಾವನನ್ನು ಗಂಭೀರವಾಗಿ ವಿಚಾರಿಸಿದರು. ಸಿನಿಮಾದಲ್ಲಿ ಏನಿತ್ತು? ಐದು ಸೆಕೆಂಡು ಯಾರದೋ ಕಾಲುಂಗುರ, ಆಮೇಲೆ ಕತ್ತಲೆ, ಕತ್ತಲೆಯೊಳಗೆ ಹೆಂಗಸರ ನಗು. ಮುಖವಿಲ್ಲದ ನಗು ತಗೊಂಡು ಏನು ಮಾಡಲಿ ಎಂದು ಮಾವ ಅದನ್ನು ಅಳಿಸಿಬಿಟ್ಟರು.

ಅದೇ ವಾರ ಹುಳಿಯಾರಿನಿಂದ ಸುದ್ದಿ ಬಂತು. ಅಜ್ಜಿ ಬಾಗಿಲಿಗೆ ಬಂದವರನ್ನೂ ಗುರುತಿಸುತ್ತಿಲ್ಲ, ದನಿ ಕೇಳಿ ಯಾರೆಂದು ಹೇಳುತ್ತಾರೆ ಅಂತ. ಮಾವ ಮಧ್ಯಾಹ್ನವೆಲ್ಲ ತೋಟದ ಬದುವಿನ ಮೇಲೆ ಕೂತಿದ್ದರು, ಫೋನು ಜೇಬಿನಲ್ಲೇ ಇತ್ತು. ನನಗೆ ಸಂಕಟವಾಯಿತು. ಇಷ್ಟು ದಿನ ಅವರನ್ನು ಆಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಮರುವಾರ ಅತ್ತೆ ತಾವಾಗಿಯೇ ಒಳ್ಳೆಯ ಸೀರೆಯುಟ್ಟು, ಸೆರಗನ್ನು ಪಿನ್ನಿನಿಂದ ಭದ್ರ ಮಾಡಿಕೊಂಡು ಜಗಲಿಗೆ ಬಂದು ಕೂತರು. ‘ಹಿಡ್ಕಳಿ’ ಅಂದರು. ಮಾವ ಹಿಡಿದರು. ಪಾಪ, ಅತ್ತೆ ಎಷ್ಟು ಪ್ರಯತ್ನಪಟ್ಟರು! ತುಟಿ ಅಗಲಿಸಿದರು, ಹಲ್ಲು ತೋರಿಸಿದರು, ನನ್ನ ಕಡೆ ನೋಡಿದರು, ಆಕಾಶ ನೋಡಿದರು. ಹಲ್ಲುನೋವಿನ ಡಾಕ್ಟರ ಹತ್ತಿರ ಬಾಯಿ ತೆರೆದವರ ಹಾಗಿತ್ತು. ಒಂದು ನಿಮಿಷ ಮುಗಿಯಿತು. ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಮಾವ ಫೋನು ಪಕ್ಕಕ್ಕಿಟ್ಟು, ಹೋಗಲಿ ಬಿಡು, ಒಂದು ಲೋಟ ಕಾಫಿ ಮಾಡು ಅಂದರು. ಆಮೇಲೆ ಎಷ್ಟೋ ಭಾನುವಾರ ಅವರ ಬಾಯಲ್ಲಿ ಸಿನಿಮಾದ ಸುದ್ದಿಯೇ ಇರಲಿಲ್ಲ. ಊಟವಾದ ಮೇಲೆ ನನ್ನನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ವಿಚಿತ್ರವೆಂದರೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ.

ಒಂದು ಭಾನುವಾರ ಮಾವ ಇದ್ದಕ್ಕಿದ್ದಂತೆ ಎದ್ದು ಕೂತರು. ನಾವು ದಿನಾ ಕಾಯಿಯನ್ನು ನೋಡುತ್ತೇವೆ, ಕಾಯಿ ಮೇಲಿನಿಂದ ನಮ್ಮನ್ನು ಹೇಗೆ ನೋಡುತ್ತದೆ? ಅದು ಗೊತ್ತಾಗಬೇಕು ಅಂದರು. ಹುಚ್ಚು ಮರಳಿತ್ತು, ನನಗೆ ಖುಷಿಯಾಯಿತು. ಕಾಯಿ ಕೀಳುವ ಉದ್ದನೆಯ ದೋಟಿ ತಂದರು. ಫೋನನ್ನು ಅದರ ತುದಿಗೆ ಬಿಗಿಯಲು ಹಗ್ಗ ಹುಡುಕಿದರೆ ಸಿಗಲಿಲ್ಲ. ಮಾವ ತಮ್ಮ ಪಂಚೆಯ ಮೇಲಿನ ಬೆಲ್ಟನ್ನೇ ಬಿಚ್ಚಿ ಬಿಗಿದರು. ಕ್ಯಾಮೆರಾದ ಕಣ್ಣನ್ನು ಕೆಳಮುಖ ಮಾಡಿ ಒತ್ತಿದರು. ಹಿತ್ತಿಲಿನ ಎಳೆಯ ಮರದ ಗೊನೆಯ ಹತ್ತಿರಕ್ಕೆ ಎರಡೂ ಕೈಯಿಂದ ದೋಟಿಯನ್ನು ಎತ್ತಿ ಹಿಡಿದು ನಿಂತರು.

ಗಾಳಿ ಬೀಸಿತು. ಪಂಚೆಗೆ ಈಗ ಆಸರೆ ಯಾರದು ಹೇಳಿ? ಮೆಲ್ಲಗೆ, ಬಹಳ ಮರ್ಯಾದೆಯಿಂದ, ಅದು ಕೆಳಗಿಳಿಯಿತು. ದೋಟಿ ಬಿಟ್ಟರೆ ಫೋನು ಒಡೆಯುತ್ತದೆ, ಹಿಡಿದುಕೊಂಡರೆ ಮಾನ ಹೋಗುತ್ತದೆ. ಮಾವ ಮಾನ ಬಿಟ್ಟರು! ಪಟಾಪಟಿ ಚಡ್ಡಿಯಲ್ಲಿ, ಧ್ವಜಸ್ತಂಭ ಹಿಡಿದವರಂತೆ, ಮುಖದ ಒಂದು ಗೆರೆಯೂ ಅಲುಗದೆ ನಿಂತರು. ನಾನು ಓಡಿಹೋಗಿ ಪಂಚೆ ಎತ್ತಬೇಕಿತ್ತು, ನಿಜ. ಆದರೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಿದ್ದೆ, ಸದ್ದಿಲ್ಲದೆ. ತರಗತಿಯಲ್ಲಿ ನಗು ನುಂಗಿ ನುಂಗಿ ನನಗೆ ಹಾಗೇ ಅಭ್ಯಾಸ. ಅದೇ ಹೊತ್ತಿಗೆ ಅತ್ತೆ ಹಿತ್ತಿಲ ಬಾಗಿಲಿನಿಂದ ಬಂದರು, ಒಂದು ಕೈಯಲ್ಲಿ ಮಜ್ಜಿಗೆ ಚೊಂಬು, ಇನ್ನೊಂದರಲ್ಲಿ ಮಂಡಕ್ಕಿ ತಟ್ಟೆ. ನೋಡಿದರು. ಮೊದಲು ಚಡ್ಡಿ, ಆಮೇಲೆ ದೋಟಿ, ಆಮೇಲೆ ಅದರ ತುದಿಯಲ್ಲಿ ಏನಿದೆ ಅಂತ ತಲೆಯೆತ್ತಿ ಮೇಲೆ. ನಕ್ಕರು ನೋಡಿ! ಚೊಂಬು ತುಳುಕಿತು, ಮಂಡಕ್ಕಿ ಚೆಲ್ಲಿತು, ಸೆರಗಿಗೆ ಕೈ ಹೋಗುವಂತಿರಲಿಲ್ಲ.

ಆಗ ಇನ್ನೊಂದು ಸದ್ದು ಕೇಳಿತು. ನಾನು ಯಾವುದೋ ಹಕ್ಕಿ ಅಂದುಕೊಂಡೆ. ನೋಡಿದರೆ ಮಾವ! ಮೊದಲು ಮೈಯೆಲ್ಲ ನಡುಗಿತು, ಆಮೇಲೆ ಉಸಿರು ಒಳಗೆಳೆದುಕೊಳ್ಳುತ್ತಾ ಸಣ್ಣ ದನಿಯ ಒಂದು ಕೇಕೆ, ಮತ್ತೆ ನಡುಕ, ಮತ್ತೆ ಕೇಕೆ. ಅಷ್ಟು ಗಂಭೀರ ಮನುಷ್ಯನ ಒಳಗೆ ಇಷ್ಟು ತೆಳ್ಳಗಿನ ನಗು ಇತ್ತೆಂದು ಯಾರಿಗೆ ಗೊತ್ತಿತ್ತು? ಮೂವತ್ತೆಂಟು ವರ್ಷ ಸಂಸಾರ ಮಾಡಿದ ಅತ್ತೆಯೇ ಒಂದು ಕ್ಷಣ ಬೆಚ್ಚಿ ನೋಡಿ, ಮತ್ತಷ್ಟು ನಕ್ಕರು.

ದೋಟಿ ಇಳಿಸಿ ಮೂವರೂ ನೋಡಿದೆವು. ಅಂಚಿನಲ್ಲೆಲ್ಲ ಹಸಿರು ಗರಿ ತೂಗುತ್ತಿದೆ. ಕೆಳಗೆ, ನೀರಿನ ತಳದಲ್ಲಿರುವಂತೆ, ಬಿಸಿಲು ಬಿದ್ದ ನೆಲ, ಮಾವನ ಬೋಳು ತಲೆ, ಪಕ್ಕದಲ್ಲಿ ಮೇಲಕ್ಕೆ ಮುಖವೆತ್ತಿ ನಗುತ್ತಿರುವ ಅತ್ತೆ. ಪೂರ್ತಿ ಮುಖ, ಪೂರ್ತಿ ನಗು. ಅತ್ತೆ ಬಹಳ ಹೊತ್ತು ನೋಡಿ, ಹಲ್ಲು ಅಷ್ಟೇನ್ ಕಾಣಾಕಿಲ್ಲ ಅಲ್ವಾ ಎಂದು ನನ್ನನ್ನು ಕೇಳಿದರು. ನಾನು ಇಲ್ಲವೆಂದೆ. ಕಾಣುತ್ತಿದ್ದವು, ಚೆನ್ನಾಗಿಯೂ ಇದ್ದವು.

ಮರುದಿನವೇ ರಜೆ ಹಾಕಿ, ಕಣ್ಣಿನ ಹತ್ತಿರ ಹಿಡಿದರೆ ಅಜ್ಜಿಗೆ ಇನ್ನೂ ಕಂಡೀತೆಂಬ ಆಸೆಯಲ್ಲಿ ಹುಳಿಯಾರಿಗೆ ಹೊರಟೆವು. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಿಸುವಾಗಲೂ ಮಾವ ಜೇಬಿನ ಮೇಲಿನ ಕೈ ತೆಗೆಯಲಿಲ್ಲ. ಅಜ್ಜಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಾವ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, ಫೋನನ್ನು ಮುಖದ ಹತ್ತಿರ ಹಿಡಿದು, ಒತ್ತಿದರು. ಅಜ್ಜಿ ಮೂಗು ತಾಗುವಷ್ಟು ಬಗ್ಗಿ ನೋಡಿದರು, ಕತ್ತು ವಾಲಿಸಿ ನೋಡಿದರು.

‘ಬೆಳಕು ಕಾಣ್ತೈತೆ ಮಗಾ,’ ಅಂದರು. ‘ಇನ್ನೇನೂ ಕಾಣಾಕಿಲ್ಲ.’

ಮಾವನ ಕೈ ಇಳಿಯಿತು. ‘ಇರ್ಲಿ ಬುಡು ಚಿಕ್ಕವ್ವ,’ ಅಂದರು. ಆ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅತ್ತೆ ಮುಖ ತಿರುಗಿಸಿಕೊಂಡರು. ಕೆಲವು ತಿಂಗಳ ಮೊದಲೇ ಬಂದಿದ್ದರೆ ಕಾಣುತ್ತಿತ್ತೇನೋ ಅಂದುಕೊಂಡೆ. ಮಾವನ ತೊಡೆಯ ಮೇಲೆ ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು. ಅತ್ತೆಯ ನಗು ಕೇಳಿ ಅಜ್ಜಿ, ಇದು ನಮ್ಮಣ್ಣನ ಮಗಳು ನಗುವುದಲ್ಲವೇ ಅಂದರು. ಹೌದೆಂದೆವು. ಅಕ್ಕ ಹೀಗೆ ನಗುತ್ತಿರಲಿಲ್ಲ, ನಿಮ್ಮ ತಾತ ಸುಳ್ಳು ಹೇಳಿದ್ದಾನೆ ಅಂದರು. ಆಮೇಲೆ ಕಿವಿಯನ್ನು ಫೋನಿನ ಕಡೆಗೆ ವಾಲಿಸಿದರು.

ಕೈ ಚಾಚಿ ಗಾಳಿಯಲ್ಲಿ ತಡಕಾಡಿ ಮಾವನ ಮಣಿಕಟ್ಟು ಹಿಡಿದರು. ‘ಇನ್ನೊಂದ್ಸಲ ಆಕು.’

ನಾನು ಫೋನು ತೆಗೆದುಕೊಂಡು, ದನಿ ಜೋರು ಮಾಡಿ, ಮೊದಲಿನಿಂದ ಹಾಕಿದೆ. ಅತ್ತೆಯ ನಗು ಬಂತು. ಅದರ ಹಿಂದೆ ಉಸಿರೆಳೆಯುವ ಸದ್ದು, ತೆಳ್ಳಗಿನ ಕೇಕೆ, ಮತ್ತೆ ಉಸಿರು, ಮತ್ತೆ ಕೇಕೆ. ಅಜ್ಜಿಯ ಮುಖ ನೋಡುನೋಡುತ್ತಿದ್ದಂತೆ ಹದಿನಾರು ವರ್ಷದ ಹುಡುಗಿಯದಾಯಿತು, ನಾನು ಕಣ್ಣಾರೆ ಕಂಡೆ.

‘ಇದು ನಮ್ಮಕ್ಕ,’ ಅಂದರು. ‘ನಾವಿಬ್ರೂ ಒಂದೇ ಚಾಪೇಲಿ ಮಲೀಕಂತಿದ್ವಿ. ಹಿಂಗೇ ನಗೋಳು. ಎಲ್ಲಿತ್ತು ಇದು?’

‘ಅದು ನಾನು ಚಿಕ್ಕವ್ವ.’

ಅಜ್ಜಿ ಅವರ ಮಣಿಕಟ್ಟು ಬಿಟ್ಟು, ಕೈಯನ್ನು ತೋಳಿನ ಗುಂಟ ಮೇಲೆ ತಂದು, ಗದ್ದ, ತುಟಿ, ಕೆನ್ನೆ ಎಲ್ಲ ಸವರಿದರು. ಕೆನ್ನೆ ಆಗಲೇ ಒದ್ದೆಯಾಗಿತ್ತು.

‘ಇಷ್ಟ್ ವರ್ಸ ಬಂದು ಹೋಗಿ ಮಾಡಿದ್ಯಲ್ಲಪ್ಪ. ನನ್ ಮುಂದೆ ಒಂದ್ಸಲಾನೂ ಯಾಕ್ ನಗಲಿಲ್ಲ ನೀನು?’

ಮಾವ ಅಜ್ಜಿಯ ಮಡಿಲಿನಲ್ಲಿ ಮುಖವಿಟ್ಟು ಅತ್ತುಬಿಟ್ಟರು. ಅರವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ, ನನಗೂ ತಡೆಯಲಾಗಲಿಲ್ಲ. ಅತ್ತೆ ಅವರ ಬೆನ್ನಿನ ಮೇಲೆ ಕೈಯಿಟ್ಟು ಕೂತಿದ್ದರು. ಅಜ್ಜಿ ಆ ಬೋಳು ತಲೆಯನ್ನು ನೇವರಿಸುತ್ತಲೇ ಇದ್ದರು, ಬಹಳ ಹೊತ್ತು. ಆಮೇಲೆ ಬಗ್ಗಿ ಅವರ ಕಿವಿಯ ಹತ್ತಿರ ಹೇಳಿದರು:

‘ಅಳೋದ್ ಆಮೇಲೆ ಅಳುವಂತೆ ಮಗಾ. ಈಗೊಂಚೂರು ನಗು. ನಮ್ಮಕ್ಕನ್ನ ಕೇಳ್ಬೇಕು.’